ಆ ಹುಡುಗನಿಗೆ ಯಾರು ಹೇಳಿದರು?

2022ರಲ್ಲಿ ‘ಕಾಂತಾರ’ವನ್ನು ಮೊದಲ ಸಲ ನೋಡಿದಾಗ ಎಲ್ಲರ ಹಾಗೆ ನಾನೂ ಕ್ಲೈಮ್ಯಾಕ್ಸಿಗೆ ಮಾರುಹೋದವ. ಎರಡನೇ ಸಲ ಕುಂದಾಪುರದಲ್ಲಿ ಸೋದರಮಾವನ ಜೊತೆ ಕೂತು ನೋಡಿದೆ. ಮಾವ ಹದಿನೇಳು ವರ್ಷ ಮಿಲಿಟರಿಯಲ್ಲಿದ್ದವರು. ಶಿವ ಕನಸು ಕಂಡು ಬೆಚ್ಚಿ ಏಳುವಾಗ ಹಿಂದಿನ ಸಾಲಲ್ಲಿ ನಗು, ಶಿಳ್ಳೆ. ಮಾವ ಕುರ್ಚಿಯ ಕೈ ಗಟ್ಟಿಯಾಗಿ ಹಿಡ್ಕೊಂಡು ಕೂತಿದ್ದರು.

ರಿಷಬ್ ಶೆಟ್ಟಿ ತಮ್ಮೂರು ಕೆರಾಡಿಯಲ್ಲೇ ತೆಗೆದ ಈ ಸಿನಿಮಾದ ಬಗ್ಗೆ ನಾವೆಲ್ಲ ಕಾಡು, ಭೂಮಿ, ದೈವ ಅಂತ ಬೇಕಾದಷ್ಟು ಮಾತಾಡಿದ್ದೇವೆ. ಅದರೊಳಗೆ ಒಂದು ಮಗುವಿನ ಗಾಯದ ಕಥೆಯೂ ಇದೆ. ಕೋಲದ ನಡುವೆ ಅಪ್ಪ ಕಾಡು ಹೊಕ್ಕು ಮಾಯವಾದಾಗ ಶಿವ ಚಿಕ್ಕ ಹುಡುಗ. ದೊಡ್ಡವನಾದ ಮೇಲೆ ನಿದ್ದೆ ಸರಿಯಿಲ್ಲ, ಕುಡಿತ, ಮಾತಿಗೆ ಮೊದಲು ಕೈ. ಅಪ್ಪ ಕಟ್ಟಿದ ವೇಷ ಬೇಡವೇ ಬೇಡ, ಅದು ಗುರುವನ ಪಾಲು. ಹೊರಗಿನ ಸಿನಿಮಾ ಆಗಿದ್ದರೆ ಇದನ್ನು ಟ್ರಾಮಾ ಎನ್ನುತ್ತಿದ್ದೆವು. ನಮ್ಮೂರ ಹುಡುಗನಾದ್ದರಿಂದ ‘ಮಾಸ್’ ಎಂದೆವು.

ಮಾವನ ಅಪ್ಪ, ಅಂದರೆ ನನ್ನಜ್ಜ, ಬೈಂದೂರಿನಿಂದ ಬೊಂಬಾಯಿ ಹೋಟೆಲಿಗೆಂದು ಹೋದವರು. ಮೊದಲು ಕಾಗದ ನಿಂತಿತು, ಆಮೇಲೆ ಮನಿಆರ್ಡರು. ಹತ್ತೊಂಬತ್ತಕ್ಕೆ ಮಾವ ಸೇನೆ ಸೇರಿದರು. ನಿವೃತ್ತಿಯಾಗಿ ಬಂದು ರಾತ್ರಿಯಿಡೀ ಚಾವಡಿಯಲ್ಲಿ ಕೂರತೊಡಗಿದಾಗ ಊರು ‘ಬಾರ್ಡರಲ್ಲಿ ಎಂತದೋ ಕಂಡಿರ್ಕ್’ ಅಂತ ತೀರ್ಮಾನಿಸಿತು. ಕ್ಯಾಂಟೀನ್ ರಮ್ಮಿನ ಬಗ್ಗೆ ಕೇಳಿದವರು ಬಹಳ. ಒಂಬತ್ತು ವರ್ಷದ ಹುಡುಗ ದಿನಾ ಬಸ್‌ಸ್ಟ್ಯಾಂಡಿನಲ್ಲಿ ಯಾರಿಗೆ ಕಾಯ್ತಿದ್ದ ಅಂತ ಕೇಳಿದವರಿಲ್ಲ.

ನಮ್ಮ ಸಿನಿಮಾಗಳಲ್ಲೂ ಅಷ್ಟೆ. 1990ರ ‘ಮುತ್ತಿನ ಹಾರ’ದಿಂದ ಹಿಡಿದು ಯೋಧನ ಕಥೆ ಸಮವಸ್ತ್ರ ತೊಟ್ಟ ಮೇಲೇ ಶುರು. ಅಮೆರಿಕದಲ್ಲಿ 1973ರಲ್ಲಿ ಕಡ್ಡಾಯ ಭರ್ತಿ ನಿಂತಿತು. ಆಮೇಲೆ ಸ್ವಂತ ಇಚ್ಛೆಯಿಂದ ಸೇನೆ ಸೇರಿದ ಗಂಡಸರಲ್ಲಿ, ಸೇರದವರಿಗಿಂತ ಹೆಚ್ಚು ಮಂದಿ ಬಾಲ್ಯದಲ್ಲಿ ಪೆಟ್ಟು ತಿಂದವರು, ಒಡೆದ ಮನೆಯಲ್ಲಿ ಬೆಳೆದವರು ಎಂದು 2014ರಲ್ಲಿ ‘ಜಾಮಾ ಸೈಕಿಯಾಟ್ರಿ’ಯಲ್ಲಿ ಬಂದ ಅಧ್ಯಯನ ಹೇಳಿತು. ಕೆಲವರಿಗೆ ಸೇನೆ ಮನೆಯಿಂದ ತಪ್ಪಿಸಿಕೊಳ್ಳುವ ದಾರಿ. ಅದನ್ನು ಹಾಗೇ ತಂದು ಬೈಂದೂರಿಗೆ ಅಂಟಿಸಲಾಗದು, ಗೊತ್ತು. ಆದರೆ ಪ್ರಶ್ನೆಯನ್ನಾದರೂ ತರಬಹುದಲ್ಲ? ಈಗ ಸೇನೆಯವರಿಗೆಂದೇ ಪುಣೆಯಲ್ಲಿ ಟೆಲಿ-ಮಾನಸ್ ಘಟಕವಿದೆ. ಫೋನೆತ್ತುವುದಕ್ಕೂ ಗಾಯಕ್ಕೊಂದು ಹೆಸರು ಬೇಕು.

ದೈವ ಮೈಮೇಲೆ ಬಂದಾಗ ಶಿವನ ಕನಸುಗಳಿಗೆಲ್ಲ ಅರ್ಥ ಸಿಕ್ಕಿಬಿಡುತ್ತದೆ. ಅದರಲ್ಲಿ ನನಗೆ ತಕರಾರಿಲ್ಲ, ನಾನೂ ನಂಬುವವನೇ. ತಕರಾರು ಆಮೇಲಿನದರ ಬಗ್ಗೆ. ಶಿವನೂ ಕಾಡಿನಲ್ಲಿ ಮಾಯವಾಗುತ್ತಾನೆ. ಅವನ ಮಗ ಸುಂದರನ ಹತ್ತಿರ ಅಪ್ಪನ ಬಗ್ಗೆ ಕೇಳುತ್ತಾನೆ. ಅದೇ ಗಾಯ ಇನ್ನೊಂದು ತಲೆಮಾರಿಗೆ ದಾಟಿತು. ಸಿನಿಮಾ ಅದನ್ನು ದಂತಕಥೆಯ ಮುಂದುವರಿಕೆ ಎಂಬಂತೆ ಹೇಳಿ ಮುಗಿಸುತ್ತದೆ.

ಹೊರಗೆ ಬಂದು ಬೈಕ್ ಹತ್ತುವಾಗ ಮಾವ ಕೇಳಿದ್ದು ಇಷ್ಟೇ: “ಅಲ್ದಾ, ಕಡೀಗೆ ಆ ಹೈದನಿಗೆ ಯಾರಾರೂ ಸಮಾ ಹೇಳಿದ್ರಾ, ಅಪ್ಪ ಎಲ್ಲಿಗೆ ಹೋದ ಅಂದ್ಹೇಳಿ?”