ಕಟ್ಟಿದರೆ ಸಾಕೇ, ಓದಬೇಡವೇ?
ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿಯನ್ನು ಮೂಲಸಂಕೇತದಿಂದ ನೀವೇ ಕಟ್ಟಿಕೊಳ್ಳಬಹುದು. ಹೆಜ್ಜೆಗಳು ನಾಲ್ಕೇ: ಕಾನ್ಫಿಗರ್, ಮೇಕ್, ಮೇಕ್ ಟೆಸ್ಟ್, ಮೇಕ್ ಇನ್‌ಸ್ಟಾಲ್. ಈ ಸರಳತೆ ಮೆಚ್ಚತಕ್ಕದ್ದು. ಆದರೆ ಮೂರನೆಯ ಹೆಜ್ಜೆಯಾದ ಪರೀಕ್ಷೆಯನ್ನು ಬಿಟ್ಟರೂ ನಾಲ್ಕನೆಯದು ತಡೆಯಿಲ್ಲದೆ ನಡೆಯುತ್ತದೆ, ಇದು ಕೊರತೆ.

ಪರೀಕ್ಷೆಯೊಂದೇ ಸಾಲದು. 2006ರಲ್ಲಿ ಡೆಬಿಯನ್ ಲಿನಕ್ಸ್‌ಗಾಗಿ ಇದನ್ನು ಸಿದ್ಧಪಡಿಸುವಾಗ, ದೋಷಶೋಧಕ ಸಾಧನದ ಎಚ್ಚರಿಕೆಯನ್ನು ನಿವಾರಿಸಲು ಎರಡು ಸಾಲುಗಳನ್ನು ಕೈಬಿಡಲಾಯಿತು. ಯಾದೃಚ್ಛಿಕ ಸಂಖ್ಯೆಗಳಿಗೆ ಬೀಜವಾಗಿ ಉಳಿದದ್ದು ಪ್ರಕ್ರಿಯೆಯ ಕ್ರಮಸಂಖ್ಯೆ ಮಾತ್ರ. ಅದರ ಬೆಲೆಗಳು ಆಗ ಸಾಮಾನ್ಯವಾಗಿ 32,768ನ್ನು ಮೀರುತ್ತಿರಲಿಲ್ಲ. ಅಷ್ಟು ಕೀಲಿಗಳನ್ನು ಗಣಕವೊಂದು ಸುಲಭವಾಗಿ ಪಟ್ಟಿಮಾಡಬಲ್ಲದು. ದೋಷ ಬಯಲಾದದ್ದು 2008ರಲ್ಲಿ. ಅಲ್ಲಿಯವರೆಗೂ ಸಂಕೇತ ಎಲ್ಲರ ಕಣ್ಣೆದುರೇ ಇತ್ತು.

ಶಿಕ್ಷಕರೇ, ತಂತ್ರಾಂಶ ಕಟ್ಟುವುದನ್ನು ಕಲಿಸುವಾಗ ಅದನ್ನು ಓದುವುದನ್ನೂ ಕಲಿಸಿರಿ.