ಆಗುಂಬೆಯ ಮಾಲ್ಗುಡಿ, ದೆಹಲಿಯ ದಾರಿ

ಶಂಕರ್‌ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಬಗ್ಗೆ ನಮ್ಮಲ್ಲಿ ಬಂದಿರುವ ಬರಹಗಳಿಗೆ ಲೆಕ್ಕವಿಲ್ಲ. ಮಾಸ್ಟರ್ ಮಂಜುನಾಥನ ಕಣ್ಣು, ಗಿರೀಶ ಕಾರ್ನಾಡರ ಗತ್ತು, ಎಲ್. ವೈದ್ಯನಾಥನ್ ಅವರ ರಾಗ, ಆರ್.ಕೆ. ಲಕ್ಷ್ಮಣರ ರೇಖೆ ಎಲ್ಲವನ್ನೂ ಜನ ಬಾಯಿತುಂಬ ಹೊಗಳಿದ್ದಾರೆ. ಹೊಗಳಿಕೆಗೆ ಅವು ತಕ್ಕವೂ ಹೌದು. ಆದರೆ ಆ ಧಾರಾವಾಹಿ ತಯಾರಾದ ಮೇಲೆ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಯಾವ ದಾರಿ ಹಿಡಿದು ಮನೆಗಳನ್ನು ತಲುಪಿತು, ಯಾವ ಭಾಷೆಯಲ್ಲಿ ತಲುಪಿತು ಎನ್ನುವುದನ್ನು ನಾವು ವಿಮರ್ಶೆಯ ವಿಷಯವೆಂದು ಎಣಿಸಿಯೇ ಇಲ್ಲ. ವಿತರಣೆ ಎಂದರೆ ವ್ಯಾಪಾರದವರ ತಲೆನೋವು, ಕಲೆಗೂ ಅದಕ್ಕೂ ಸಂಬಂಧವಿಲ್ಲ ಎಂಬ ಭಾವನೆ ಬೇರೂರಿದೆ. ನಾನು ಅದನ್ನು ಒಪ್ಪುವುದಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ, ಹೊಸನಗರ ತಾಲ್ಲೂಕಿನ ಅರಸಾಳು ರೈಲು ನಿಲ್ದಾಣದಲ್ಲಿ, ಬಹುಪಾಲು ಕನ್ನಡಿಗರೇ ಸೇರಿ ಕಟ್ಟಿದ ಕೃತಿಯೊಂದು ಟಿವಿಯಲ್ಲಿ ಕನ್ನಡದಲ್ಲಿ ಮಾತಾಡಲು 2020ರವರೆಗೆ ಕಾಯಬೇಕಾಯಿತು ಎಂದ ಮೇಲೆ, ಹಂಚಿದ ರೀತಿಯನ್ನು ಬಿಟ್ಟು ಕೃತಿಯನ್ನು ಮಾತ್ರ ತೂಗುವುದು ಸಾಧ್ಯವಿಲ್ಲ.

ಮೊದಲು ಕೃತಿಯನ್ನೇ ನೋಡೋಣ. ಆರ್.ಕೆ. ನಾರಾಯಣ್ ಅವರ ಪುಸ್ತಕದಲ್ಲಿರುವ ಮಾಲ್ಗುಡಿ ಮಲೆನಾಡಿನ ಊರಲ್ಲ. ಸರಯೂ ನದಿಯ ಮರಳು, ಬಿಸಿಲು, ಸಾಲುಮನೆಗಳ ಬೀದಿ ಇರುವ ದಕ್ಷಿಣದ ಸಣ್ಣ ಪೇಟೆ ಅದು. ಶಂಕರ್ ಅದನ್ನು ಎತ್ತಿ ತಂದು ಘಟ್ಟದ ತುದಿಯಲ್ಲಿ ಇಟ್ಟರು. ಕಥೆಯ ಹುಡುಗ ಸ್ವಾಮಿಯ ಮನೆಯಾದದ್ದು ಆಗುಂಬೆಯ ದೊಡ್ಡಮನೆ. ಕೈತಾಗಿ ತಾಗಿ ನುಣುಪಾದ ಮರದ ಕಂಬಗಳು, ಹಂಚಿನ ಮಾಡು, ಅಂಗಳದಿಂದ ಒಳಗೆ ಬರುವ ಬೆಳಕು, ಆ ಬೆಳಕು ಮುಟ್ಟದ ಒಳಕೋಣೆಯ ಕತ್ತಲೆ. ಛಾಯಾಗ್ರಾಹಕ ಎಸ್. ರಾಮಚಂದ್ರ ಈ ಬೆಳಕು ಕತ್ತಲೆಗಳ ನಡುವೆ ಹುಡುಗನನ್ನು ಓಡಾಡಿಸುತ್ತಾರೆ. ಅಪ್ಪನ ಎದುರು ಬಂದಾಗ ಸ್ವಾಮಿ ಕಂಬಕ್ಕೆ ಒರಗಿ ಅರ್ಧ ಮರೆಯಾಗುತ್ತಾನೆ. ಅಜ್ಜಿಯ ಬಳಿ ಹೋದಾಗ ಪೂರ್ತಿ ಕಾಣುತ್ತಾನೆ. ಆ ಮನೆಯಲ್ಲಿ ಯಾರಿಗೆ ಹೆದರಬೇಕು, ಯಾರ ಮಡಿಲಲ್ಲಿ ಅಡಗಬೇಕು ಎನ್ನುವುದನ್ನು ಮನೆಯ ಕಟ್ಟಡವೇ ಹೇಳಿಬಿಡುತ್ತದೆ. ಜಾನ್ ದೇವರಾಜ್ ಅವರ ಕಲಾ ನಿರ್ದೇಶನ ಎಷ್ಟು ಹದವಾಗಿದೆಯೆಂದರೆ ಎಲ್ಲಿ ಊರು ಮುಗಿದು ಸೆಟ್ಟು ಶುರುವಾಗುತ್ತದೆಂದು ಹೇಳುವುದು ಕಷ್ಟ.

ನಾರಾಯಣ್ ಅವರಿಗೆ ಮಾಲ್ಗುಡಿಯ ನೆಲೆ ಎಷ್ಟು ಮುಖ್ಯವಾಗಿತ್ತು ಎಂಬುದಕ್ಕೆ ಹಿಂದಿನ ಕಥೆಯೊಂದಿದೆ. 1965ರ ‘ಗೈಡ್’ ಚಿತ್ರ ಮಾಲ್ಗುಡಿಯನ್ನು ರಾಜಸ್ಥಾನಕ್ಕೆ ಒಯ್ದಾಗ ಅವರು ನೊಂದಿದ್ದರು, ಅದನ್ನು ಬರೆದೂ ಇದ್ದರು. ಮತ್ತೊಂದು ಮಾತನ್ನೂ ಇಲ್ಲಿ ನೆನೆಯಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಪ್ರಕಾಶಕರ ದಾರಿ ಕಟ್ಟಿಹೋದಾಗ ಮೈಸೂರಿನಲ್ಲೇ ‘ಇಂಡಿಯನ್ ಥಾಟ್ ಪಬ್ಲಿಕೇಷನ್ಸ್’ ಸ್ಥಾಪಿಸಿ, ತಮ್ಮ ಪುಸ್ತಕಗಳನ್ನು ತಾವೇ ಅಚ್ಚು ಹಾಕಿಸಿ ಮಾರಿದವರು ಅವರು. ‘ಮಾಲ್ಗುಡಿ ಡೇಸ್’ ಕಥಾಸಂಕಲನ 1943ರಲ್ಲಿ ಹೊರಬಂದದ್ದು ಅಲ್ಲಿಂದಲೇ. ಬರೆದದ್ದು ಓದುಗನ ಕೈ ಸೇರುವವರೆಗಿನ ದಾರಿಯೂ ಬರಹಗಾರನ ಹೊಣೆ ಎಂದು ತಿಳಿದಿದ್ದ ಲೇಖಕ.

ಧಾರಾವಾಹಿಯ ನಿರ್ಮಾಪಕರು ಪದಮ್ ರಾಗ್ ಫಿಲ್ಮ್ಸ್‌ನ ಟಿ.ಎಸ್. ನರಸಿಂಹನ್. ಮೊದಲ 13 ಕಂತುಗಳು ಇಂಗ್ಲಿಷ್ ಮತ್ತು ಹಿಂದಿ ಎರಡರಲ್ಲೂ ತಯಾರಾದವು, ಉಳಿದ 26 ಹಿಂದಿಯಲ್ಲಿ ಮಾತ್ರ. ಅಂದರೆ ಒಂದೇ ಸೆಟ್ಟಿನಲ್ಲಿ, ಅದೇ ನಟರನ್ನು ಇಟ್ಟುಕೊಂಡು ಎರಡು ಭಾಷೆಗಳಲ್ಲಿ ಕೆಲಸ ಮಾಡುವ ಶಕ್ತಿ ಆ ತಂಡಕ್ಕೆ ಇತ್ತು. ಅನಂತ್‌ನಾಗ್, ವಿಷ್ಣುವರ್ಧನ್, ಅರುಂಧತಿ ನಾಗ್, ವೈಶಾಲಿ ಕಾಸರವಳ್ಳಿ, ರಮೇಶ್ ಭಟ್ ಎಲ್ಲರೂ ಕನ್ನಡ ರಂಗಭೂಮಿ, ಕನ್ನಡ ಸಿನಿಮಾದಲ್ಲಿ ಹೆಸರಾದವರು. ಹಾಗಿದ್ದೂ ಕನ್ನಡದಲ್ಲಿ ಒಂದು ಕಂತೂ ತಯಾರಾಗಲಿಲ್ಲ. ಕಾರಣ ಸರಳ. ಕನ್ನಡದ ಕಂತುಗಳನ್ನು ಕೊಳ್ಳುವವರು ಯಾರೂ ಇರಲಿಲ್ಲ.

ಧಾರಾವಾಹಿ ಪ್ರಸಾರವಾದದ್ದು ದೂರದರ್ಶನದಲ್ಲಿ; ಆ ಕಾಲದ ಅದರ ವ್ಯವಸ್ಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1982ರ ಆಗಸ್ಟ್ 15ಕ್ಕೆ ದೂರದರ್ಶನದ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. 1984ರ ಜುಲೈ 7ರಂದು ‘ಹಮ್ ಲೋಗ್’ ಬಂದ ಮೇಲೆ ಪ್ರಾಯೋಜಿತ ಧಾರಾವಾಹಿಗಳ ಪದ್ಧತಿ ನೆಲೆಯೂರಿತು. ನಿರ್ಮಾಪಕ ಧಾರಾವಾಹಿ ಮಾಡುತ್ತಾನೆ, ಸೋಪು ಬಿಸ್ಕತ್ತು ಮಾರುವ ಕಂಪನಿ ದೂರದರ್ಶನಕ್ಕೆ ಪ್ರಸಾರ ಶುಲ್ಕ ಕಟ್ಟುತ್ತದೆ, ಅದಕ್ಕೆ ಪ್ರತಿಯಾಗಿ ಜಾಹೀರಾತಿನ ಸಮಯ ಪಡೆಯುತ್ತದೆ. ಕಂಪನಿಗೆ ಬೇಕಾದದ್ದು ಇಡೀ ದೇಶದ ಗಿರಾಕಿಗಳು. ಆದ್ದರಿಂದ ರಾಷ್ಟ್ರೀಯ ಜಾಲ, ಆದ್ದರಿಂದ ಹಿಂದಿ. 1981ರಲ್ಲಿ ಬೆಂಗಳೂರಿನ ದೂರದರ್ಶನ ಕೇಂದ್ರ ಕೆಲಸ ಆರಂಭಿಸಿತ್ತು ನಿಜ, ಆದರೆ ಅದರ ಕನ್ನಡ ಕಾರ್ಯಕ್ರಮಗಳಿಗೆ ಸಿಕ್ಕಿದ್ದ ಸಮಯ ಕಡಿಮೆ, ಹಣ ಅದಕ್ಕಿಂತ ಕಡಿಮೆ. ಅಲ್ಲದೆ ಆ ವರ್ಷಗಳಲ್ಲಿ ಊರೂರಿಗೆ ನೆಟ್ಟ ಸಣ್ಣ ಮರುಪ್ರಸಾರ ಕೇಂದ್ರಗಳಲ್ಲಿ ಹೆಚ್ಚಿನವು ಉಪಗ್ರಹದಿಂದ ಹಿಡಿಯುತ್ತಿದ್ದದ್ದು ದೆಹಲಿಯ ಕಾರ್ಯಕ್ರಮವನ್ನು. ಒಬ್ಬ ಮಾರಾಟಗಾರ, ಒಬ್ಬನೇ ಖರೀದಿದಾರ, ಒಂದೇ ಭಾಷೆ. ನರಸಿಂಹನ್ ಅವರನ್ನಾಗಲಿ ಶಂಕರ್ ಅವರನ್ನಾಗಲಿ ಇದಕ್ಕೆ ದೂರುವಂತಿಲ್ಲ. ಆ ಬಾಗಿಲು ಬಿಟ್ಟರೆ ಬೇರೆ ಬಾಗಿಲೇ ಇರಲಿಲ್ಲ, ಆ ಬಾಗಿಲಿಲ್ಲದಿದ್ದರೆ ಧಾರಾವಾಹಿಯೇ ಆಗುತ್ತಿರಲಿಲ್ಲ.

ಮಲೆನಾಡಿನವರಿಗೆ ಆ ಸಿಗ್ನಲ್ಲಾದರೂ ಸುಲಭಕ್ಕೆ ಸಿಗುತ್ತಿತ್ತೇ? ಗುಡ್ಡದ ಸಂದಿಯ ಮನೆಗಳಲ್ಲಿ ಆಂಟೆನಾವನ್ನು ಬಿದಿರ ಗಳಕ್ಕೆ ಕಟ್ಟಿ, ತೋಟದಾಚೆಯ ದಿಣ್ಣೆಗೆ ಹೊತ್ತು, ಅಲ್ಲಿಂದ ಮನೆಯವರೆಗೆ ತಂತಿ ಎಳೆದು, ಬೂಸ್ಟರ್ ಕೂರಿಸಿ, ಒಬ್ಬರು ಮೇಲೆ ನಿಂತು ತಿರುಗಿಸುತ್ತ, ಇನ್ನೊಬ್ಬರು ಜಗಲಿಯಿಂದ ‘ಬಂತು, ಹೋಯ್ತು’ ಎಂದು ಕೂಗುತ್ತ ಚಿತ್ರ ಹಿಡಿಯಬೇಕಿತ್ತು. ಮಳೆಗಾಲದಲ್ಲಿ ಅದೂ ಇಲ್ಲ. ಮುಂದೆ ಕೇಬಲ್ ಬಂದಾಗಲೂ ಅದು ಪೇಟೆಗೇ ನಿಂತಿತು. ಒಂದು ಮನೆಯಿಂದ ಇನ್ನೊಂದು ಮನೆಗೆ ಗದ್ದೆ, ಹಳ್ಳ, ಕಾನು ದಾಟಬೇಕಾದ ಸೀಮೆಯಲ್ಲಿ ತಂತಿ ಎಳೆದು ಲಾಭ ಮಾಡುವವರು ಯಾರು? ಹಾಗಾಗಿ ಅಂಗಳದಲ್ಲಿ ದೊಡ್ಡ ಡಿಶ್ ಕೂರಿಸುವ ರೂಢಿ ಇಲ್ಲಿ ಬೇಗ ಬಂತು. ಇಷ್ಟು ಪಾಡುಪಟ್ಟು ಹಿಡಿದ ಚಿತ್ರದಲ್ಲಿ ತಮ್ಮ ಆಗುಂಬೆಯನ್ನೇ ಕಂಡವರು, ಅಲ್ಲಿನ ಜನ ಆಡುವ ಹಿಂದಿಯನ್ನು ಊಹೆಯಿಂದ ತಿಳಿದುಕೊಳ್ಳಬೇಕಾಯಿತು. ಮನೆಯ ಹಿರಿಯ ಹೆಂಗಸರಿಗೆ ಮಕ್ಕಳು ಪಕ್ಕದಲ್ಲಿ ಕೂತು ಅರ್ಥ ಹೇಳಬೇಕಿತ್ತು. ಆ ಹುಡುಗನ ಅಜ್ಜಿ ಏನು ಹೇಳಿದಳು ಎಂಬುದು ನಮ್ಮ ಅಜ್ಜಿಯರಿಗೆ ನೇರವಾಗಿ ತಲುಪಲಿಲ್ಲ. ನನ್ನ ದೃಷ್ಟಿಯಲ್ಲಿ ಈ ಕೃತಿಗೆ ಆದ ದೊಡ್ಡ ನಷ್ಟ ಇದು.

ಬೇರೆ ರೀತಿಯ ಹಂಚಿಕೆಯೂ ಜಗತ್ತಿನಲ್ಲಿ ಇತ್ತು. ಅಮೆರಿಕದಲ್ಲಿ ಊರೂರಿನ ಟಿವಿ ಕೇಂದ್ರಗಳು ಕಾರ್ಯಕ್ರಮಗಳನ್ನು ಬೇರೆ ಬೇರೆ ವಿತರಣಾ ಕಂಪನಿಗಳಿಂದ ಕೊಳ್ಳುತ್ತಿದ್ದವು. ದೊಡ್ಡ ಜಾಲಗಳೇ ಈ ವ್ಯಾಪಾರವನ್ನೂ ಹಿಡಿದಿಟ್ಟುಕೊಳ್ಳಬಾರದೆಂದು ಅಲ್ಲಿನ ಸರ್ಕಾರಿ ಆಯೋಗ 1970ರಲ್ಲಿ ನಿಯಮ ತಂದಾಗ, ಸಿಬಿಎಸ್ ಜಾಲ ತನ್ನ ವಿತರಣಾ ವಿಭಾಗವನ್ನು ಕಳಚಿ 1971ರಲ್ಲಿ ಪ್ರತ್ಯೇಕ ಕಂಪನಿ ಮಾಡಿತು. ಅದರ ಹೆಸರು ವಯಾಕಾಮ್. ‘ಐ ಲವ್ ಲೂಸಿ’ಯಂಥ ಹಳೆಯ ಧಾರಾವಾಹಿಗಳನ್ನು ಊರೂರಿಗೆ ಮತ್ತೆ ಮತ್ತೆ ಮಾರಿಯೇ ಬೆಳೆದ ಸಂಸ್ಥೆ ಅದು. ಆ ಪದ್ಧತಿಯಲ್ಲಿ ಮಾರಾಟವಾಗುವುದಷ್ಟೇ ಉಳಿಯುತ್ತದೆ ಎಂಬ ದೋಷವಿದ್ದರೂ, ಒಮ್ಮೆ ಪ್ರಸಾರವಾದ ಕೃತಿಗೆ ಎರಡನೇ, ಮೂರನೇ ಬದುಕು ಇತ್ತು, ಸಣ್ಣ ಊರಿನ ಕೇಂದ್ರಕ್ಕೂ ಆಯ್ಕೆ ಇತ್ತು. ನಮ್ಮಲ್ಲಿ ಅಂಥ ಮಧ್ಯಸ್ಥ ಸಂಸ್ಥೆಗಳು ಕನ್ನಡಕ್ಕೆ ಬೆಳೆಯಲೇ ಇಲ್ಲ. ಸದಾನಂದ ಸುವರ್ಣರ ‘ಗುಡ್ಡದ ಭೂತ’ದಂಥ ಒಳ್ಳೆಯ ಕನ್ನಡ ಧಾರಾವಾಹಿ ಕೂಡ ದೂರದರ್ಶನದಲ್ಲಿ ಬಂದು, ಜನರ ನೆನಪಿನಲ್ಲಿ ಮಾತ್ರ ಬಹುಕಾಲ ಬದುಕಬೇಕಾಯಿತು.

ಆ ವಯಾಕಾಮ್ ಹೆಸರು ಕೊನೆಗೆ ನಮ್ಮ ಜಗಲಿಗೂ ಬಂತು. 2000ದ ಡಿಸೆಂಬರಿನಲ್ಲಿ ಆರಂಭವಾದ ಈಟಿವಿ ಕನ್ನಡ ವಾಹಿನಿ ಮುಂದೆ ವಯಾಕಾಮ್18 ಪಾಲಾಗಿ 2015ರಲ್ಲಿ ಕಲರ್ಸ್ ಕನ್ನಡವಾಯಿತು; 2024ರಲ್ಲಿ ಅದೂ ಜಿಯೋಸ್ಟಾರ್ ಒಡಲು ಸೇರಿತು. ವೈಶಾಲಿ ಕಾಸರವಳ್ಳಿಯವರು ‘ಮೂಡಲ ಮನೆ’ ಧಾರಾವಾಹಿಯನ್ನು ನಿರ್ದೇಶಿಸಿದ್ದು ಈಟಿವಿಗೆ. ಸ್ವಾಮಿಯ ಅಮ್ಮನಾಗಿ ಹಿಂದಿ ಆಡಿದ್ದ ಕಲಾವಿದೆಗೆ ಕನ್ನಡ ವಾಹಿನಿಯೊಂದು ಸಿಕ್ಕಾಗ ಎಂಥ ಕೆಲಸ ಸಾಧ್ಯವಾಯಿತು ನೋಡಿ.

ಡಬ್ಬಿಂಗ್ ವಿರೋಧದ ಮಾತು ಇಲ್ಲಿ ಬರಲೇಬೇಕು. 1960ರ ದಶಕದಿಂದ ಕನ್ನಡ ಚಿತ್ರರಂಗ ಡಬ್ಬಿಂಗನ್ನು ತಡೆದು ನಿಲ್ಲಿಸಿತು, ಆ ನಿಲುವು ಟಿವಿಗೂ ಹಬ್ಬಿತು. 2012ರಲ್ಲಿ ಹಿಂದಿಯ ಟಿವಿ ಕಾರ್ಯಕ್ರಮ ‘ಸತ್ಯಮೇವ ಜಯತೇ’ ಕನ್ನಡದಲ್ಲಿ ಬರದೇ ಹೋದದ್ದು ಇದರಿಂದಲೇ. ಈ ನಿಲುವು ನೂರಾರು ಕಲಾವಿದರಿಗೆ, ತಂತ್ರಜ್ಞರಿಗೆ ಅನ್ನ ಕೊಟ್ಟಿದೆ, ಅದನ್ನು ಹಗುರವಾಗಿ ಕಾಣಬಾರದು. ಹೊರಗಿನ ಧಾರಾವಾಹಿಗಳನ್ನು ಕನ್ನಡದಲ್ಲಿ ಮರುನಿರ್ಮಾಣ ಮಾಡುವ ದಾರಿ ಹಿಡಿದದ್ದರಿಂದ, ‘ಬಾಲಿಕಾ ವಧು’ ಇಲ್ಲಿ ‘ಪುಟ್ಟಗೌರಿ ಮದುವೆ’ಯಾದಾಗ, ನಮ್ಮ ನಟರಿಗೆ ಕೆಲಸವೂ ಸಿಕ್ಕಿತು. ಆದರೆ ಮಾಲ್ಗುಡಿಯ ವಿಷಯದಲ್ಲಿ ಈ ವಾದ ನಿಲ್ಲುವುದಿಲ್ಲ. ಕನ್ನಡದ ನಟರೇ ತಮ್ಮ ಪಾತ್ರಕ್ಕೆ ತಾವೇ ಕನ್ನಡದಲ್ಲಿ ಮಾತು ಕೊಟ್ಟಿದ್ದರೆ ಯಾರ ಅನ್ನವೂ ಹೋಗುತ್ತಿರಲಿಲ್ಲ. ಹೊರಗಿನ ಸರಕಿಗೆ ಹಾಕಿದ ಬೇಲಿ ಒಳಗಿನ ಬೆಳೆಯನ್ನೂ ಹೊರಗೇ ನಿಲ್ಲಿಸಿತು. ಡಬ್ಬಿಂಗ್ ತಡೆಯುವುದು ಸ್ಪರ್ಧೆಗೆ ವಿರುದ್ಧವೆಂದು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಆದೇಶ ಕೊಟ್ಟ ಮೇಲೆ ಬೇಲಿ ಸಡಿಲವಾಯಿತು. 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್‌ನಿಂದ ಹೊಸ ಚಿತ್ರೀಕರಣ ನಿಂತು ವಾಹಿನಿಗಳು ಹಳೆಯ ಕಾರ್ಯಕ್ರಮ ಹುಡುಕುತ್ತಿದ್ದಾಗ, ಜೀ ಕನ್ನಡ ‘ಮಾಲ್ಗುಡಿ ಡೇಸ್’ ಅನ್ನು ಕನ್ನಡದಲ್ಲಿ ಪ್ರಸಾರ ಮಾಡಿತು.

ಅಷ್ಟರಲ್ಲಿ ತಡವಾಗಿತ್ತು. ಶಂಕರ್‌ನಾಗ್ 1990ರಲ್ಲಿ ಹೋದರು. ವಿಷ್ಣುವರ್ಧನ್ 2009ರಲ್ಲಿ, ವೈಶಾಲಿ 2010ರಲ್ಲಿ, ಕಾರ್ನಾಡರು 2019ರಲ್ಲಿ. ಆ ಪಾತ್ರಗಳಿಗೆ ಅವರದೇ ಕಂಠ ಇನ್ನು ಸಿಗುವುದಿಲ್ಲ. ಹಿಂದಿಗೆ ಆಡಿದ ತುಟಿಯ ಮೇಲೆ ಬೇರೆಯವರ ಕನ್ನಡ ಕೂರಿಸುವುದು ಎಷ್ಟೇ ಶ್ರದ್ಧೆಯಿಂದ ಮಾಡಿದರೂ ಎರಡನೇ ದರ್ಜೆಯ ಪರಿಹಾರವೇ. ಆದರೂ ಅದು ಬಂದದ್ದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ, ಏಕೆಂದರೆ ಶಂಕರ್ ಸಂಭಾಷಣೆಗಿಂತ ಮುಖವನ್ನು, ಮೌನವನ್ನು ಹೆಚ್ಚು ನಂಬಿದ ನಿರ್ದೇಶಕ. ಮಾತು ಬದಲಾದರೂ ಅಲುಗಾಡದಷ್ಟು ಗಟ್ಟಿ ಕೆಲಸ ಅದು. ಶೀರ್ಷಿಕೆಯಲ್ಲಿ ಪದವಿಲ್ಲದೆ ಗುನುಗುವ ವೈದ್ಯನಾಥನ್ ರಾಗಕ್ಕಂತೂ ಯಾವ ಅನುವಾದವೂ ಬೇಕಾಗಲಿಲ್ಲ. ದೇಶದ ತುಂಬ ಜನರ ಬಾಯಲ್ಲಿ ಉಳಿದದ್ದೂ ಅದೇ.

ಆಗುಂಬೆಯಲ್ಲಿ ಚಿತ್ರೀಕರಣ ನಡೆಯುತ್ತಿದ್ದ ಹೊತ್ತಿಗೆ ಅದೇ ಮಲೆನಾಡಿನ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಹಂಚುವ ಕಲೆಯ ಬೇರೆಯೇ ಮಾದರಿ ಬೆಳೆದಿತ್ತು. 1949ರಲ್ಲಿ ಹುಟ್ಟಿದ ನೀನಾಸಮ್ ರಂಗಸಂಸ್ಥೆ 1973ರಲ್ಲಿ ಚಿತ್ರಸಮಾಜ ಕಟ್ಟಿತು. ಪ್ರಪಂಚದ ಒಳ್ಳೆಯ ಸಿನಿಮಾಗಳನ್ನು ತರಿಸಿ, ಪ್ರದರ್ಶನಕ್ಕೆ ಮೊದಲು ಕನ್ನಡದಲ್ಲಿ ಪೀಠಿಕೆ ಹೇಳಿ, ಮುಗಿದ ಮೇಲೆ ಚರ್ಚೆಗೆ ಕೂರಿಸಿ, ಅಡಿಕೆ ಬೆಳೆಗಾರರಿಗೂ ಕೂಲಿಯವರಿಗೂ ತೋರಿಸಿತು. 1985ರಿಂದ ಅದರ ತಿರುಗಾಟ ತಂಡ ನಾಟಕಗಳನ್ನು ಹೊತ್ತು ನಾಡು ಸುತ್ತುತ್ತಿದೆ. ಊರಿನ ಸಂಘದವರು ಗೊತ್ತಾದ ಮೊತ್ತ ಕೊಡುತ್ತಾರೆ, ಊಟ ವಸತಿ ನೋಡಿಕೊಳ್ಳುತ್ತಾರೆ, ಟಿಕೆಟ್ ಅವರೇ ಮಾರಿಕೊಳ್ಳುತ್ತಾರೆ. ತಂಡ ಆಡಿ ಮುಂದಿನ ಊರಿಗೆ ಹೊರಡುತ್ತದೆ. ಪ್ರಾಯೋಜಕನ ಹಂಗಿಲ್ಲದೆ ನೋಡುಗನೇ ಕೊಳ್ಳುವವನಾದ ವ್ಯವಸ್ಥೆ ಇದು. ನೀನಾಸಮ್ ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ರಂಗಕಲೆಯ ಮಾತು ಬಹಳ ಆಯಿತು. ಹಂಚಿಕೆಯ ಈ ಜಾಣ್ಮೆಯ ಬಗ್ಗೆ ಅಷ್ಟೇ ಮಾತಾಡಬೇಕಿತ್ತು. ಜಪಾನಿನ, ಇಟಲಿಯ ಚಿತ್ರವನ್ನು ಹಳ್ಳಿಗೆ ಕನ್ನಡದ ಮೂಲಕ ತಲುಪಿಸಿದ ಸೀಮೆಯಲ್ಲೇ, ಅಲ್ಲೇ ತಯಾರಾದ ಧಾರಾವಾಹಿ ಕನ್ನಡವಿಲ್ಲದೆ ಬಂತು ಎನ್ನುವುದನ್ನು ಅರಗಿಸಿಕೊಳ್ಳುವುದು ನನಗೆ ಇಂದಿಗೂ ಕಷ್ಟ.

ಅರಸಾಳಿನ ಹಳೆಯ ನಿಲ್ದಾಣದ ಕಟ್ಟಡವನ್ನು ರೈಲ್ವೆ ಇಲಾಖೆ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿ ಮಾಡಿತು, ಜಾನ್ ದೇವರಾಜ್ ಅದಕ್ಕೂ ಕೈಜೋಡಿಸಿದರು. ಶಿವಮೊಗ್ಗ–ತಾಳಗುಪ್ಪ ಮಾರ್ಗದಲ್ಲಿ ಹೋಗುವವರು ಇಳಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಇಷ್ಟಕ್ಕೇ ನಿಲ್ಲಿಸಬಾರದು. ಹಕ್ಕುದಾರರು, ವಾಹಿನಿಯವರು, ರೈಲ್ವೆಯವರು ಒಂದು ಕಡೆ ಕೂತು ಮಾತಾಡಿದರೆ ಕನ್ನಡದ ಕಂತುಗಳನ್ನು ಅರಸಾಳಿನಲ್ಲೇ ತೋರಿಸಬಹುದು. ಆಗುಂಬೆ, ರಿಪ್ಪನ್‌ಪೇಟೆ, ನಗರ, ಹೆಗ್ಗೋಡುಗಳ ಶಾಲೆಗಳಿಗೆ ತಿರುಗಾಟದ ಕ್ರಮದಲ್ಲೇ ಒಯ್ಯಬಹುದು. ಒಂದು ಪ್ರೊಜೆಕ್ಟರು, ಊರಿನ ಒಂದು ಸಂಘ, ಕಂತು ಮುಗಿದ ಮೇಲೆ ಮಕ್ಕಳನ್ನು ಮಾತಾಡಿಸಬಲ್ಲ ಒಬ್ಬ ಮೇಷ್ಟ್ರು ಇದ್ದರೆ ಕೆಲಸ ಶುರುವಾಗುತ್ತದೆ. ಅನುಮತಿಯ ಪತ್ರವನ್ನು ಯಾರಾದರೂ ಮೊದಲು ಬರೆಯಬೇಕಷ್ಟೆ.