ಮಾಧವಿಗೆ ತೀರ್ಪು ಬರೆಯದ ನಟಿ

ಅನಂತಪುರ ಜಿಲ್ಲೆಯ ಸೆಟ್ಟೂರಿನಲ್ಲಿ ಕೂತು ನಟಿ ಜಯಂತಿಯವರ ಬಗ್ಗೆ ಬರೆಯುವಾಗ ಅವರು ಬಳ್ಳಾರಿಯವರು ಎಂಬುದೇ ನನಗೆ ಮೊದಲು ನೆನಪಾಗುತ್ತದೆ. 1945ರಲ್ಲಿ ಅವರು ಅಲ್ಲಿ ಕಮಲಾಕುಮಾರಿಯಾಗಿ ಹುಟ್ಟಿದಾಗ ಬಳ್ಳಾರಿಯೂ ನಮ್ಮ ಅನಂತಪುರವೂ ಮದರಾಸು ಪ್ರಾಂತ್ಯದಲ್ಲೇ ಇದ್ದವು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು, ನಾವು ಆಂಧ್ರಕ್ಕೆ ಸೇರಿದೆವು. ಗಡಿಯ ಈಚೆ ಅವರನ್ನು 'ಕೊಂಡವೀಟಿ ಸಿಂಹಂ'ನ ಎನ್.ಟಿ.ಆರ್. ಹೆಂಡತಿಯಾಗಿ ಬಲ್ಲವರು ಹೆಚ್ಚು. ಅವರ ಎತ್ತರ ತಿಳಿಯಬೇಕಾದರೆ 'ಎಡಕಲ್ಲು ಗುಡ್ಡದ ಮೇಲೆ' ನೋಡಲೇಬೇಕು.

ಭಾರತೀಸುತರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1973ರಲ್ಲಿ ತೆರೆಗೆ ತಂದರು. ಯುದ್ಧದಲ್ಲಿ ಗಾಯಗೊಂಡು ಬಂದ ಗಂಡ ಮನೆಯಲ್ಲಿದ್ದಾನೆ. ಅವನ ಹೆಂಡತಿ ಮಾಧವಿಯ (ಜಯಂತಿ) ಮನಸ್ಸು ಹರೆಯದ ನಂಜುಂಡನ ಕಡೆ ಹೊರಳುತ್ತದೆ. ಆಸೆಪಟ್ಟ ಹೆಂಗಸನ್ನು ಚಿತ್ರ ದಂಡಿಸದೆ ಬಿಡುವುದಿಲ್ಲ. ಪುಟ್ಟಣ್ಣನವರ ಧೈರ್ಯ ಕೊನೆಯವರೆಗೂ ನಿಲ್ಲಲಿಲ್ಲ ಎಂದೇ ನನ್ನ ಅನಿಸಿಕೆ. ಜಯಂತಿ ಮಾತ್ರ ದಂಡಿಸುವುದಿಲ್ಲ. ಮಾಧವಿಯ ಬಯಕೆಯನ್ನು ಅವರು ಹಸಿವು, ಬಾಯಾರಿಕೆಗಳಷ್ಟೇ ಸಹಜವಾಗಿ ಹೊತ್ತು ನಡೆಯುತ್ತಾರೆ. ಕಣ್ಣು ಒಂದು ಕ್ಷಣ ಹೆಚ್ಚು ನಿಲ್ಲುತ್ತದೆ, ಆಮೇಲೆ ತಾನಾಗಿಯೇ ಕೆಳಗಿಳಿಯುತ್ತದೆ. ಅಷ್ಟರಲ್ಲಿ ಆಸೆಯೂ ಅಂಜಿಕೆಯೂ ಎರಡೂ ಬಂದುಹೋಗಿರುತ್ತವೆ. 'ಶರಪಂಜರ'ದಲ್ಲಿ ಕಲ್ಪನಾ ಒಡೆದು ಚೂರಾಗಿ ನಮ್ಮನ್ನು ಅಲುಗಿಸಿದರು. ಜಯಂತಿ ಒಡೆಯದೆ, ಒಳಗೇ ಬೆಂದರು. ಎರಡನೆಯದು ಕಷ್ಟದ ಕೆಲಸ. ನಾವು ಅದಕ್ಕೆ ಕೊಟ್ಟ ಮರ್ಯಾದೆ ಕಡಿಮೆಯೇ.

'ಮಿಸ್ ಲೀಲಾವತಿ'ಯಲ್ಲಿ (1965) ಅವರು ತೊಟ್ಟ ಈಜುಡುಗೆಯನ್ನು ಜನ ಇಂದಿಗೂ ಎತ್ತಿ ಆಡುತ್ತಾರೆ. ಅದು ಉಡುಪಿನ ಮಾತಾಯಿತು, ನಟನೆಯ ಮಾತಾಗಲಿಲ್ಲ.

ನಟನೆ ಕಾಣಬೇಕಾದರೆ 'ಕಸ್ತೂರಿ ನಿವಾಸ'ದ (1971) ನೀಲಾಳನ್ನು ನೋಡಿ. ಎಲ್ಲವನ್ನೂ ಕಳೆದುಕೊಂಡ ರವಿವರ್ಮ (ರಾಜ್‌ಕುಮಾರ್) ಅವಳಿಗೆ ಊಟ ಬಡಿಸಲು ತನ್ನ ಪಾರಿವಾಳವನ್ನೇ ಮಾರಿದ್ದಾನೆ. ಉಂಡಾದ ಮೇಲೆ ಅವಳು ಮಗುವಿಗಾಗಿ ಕೇಳುವುದು ಅದೇ ಪಾರಿವಾಳವನ್ನು. ಆ ದೃಶ್ಯ ರಾಜ್‌ಕುಮಾರ್ ಅವರದೆಂದೇ ಎಲ್ಲರೂ ಹೇಳುತ್ತಾರೆ. ಆದರೆ ಕೇಳುವವಳ ದನಿಯಲ್ಲಿ ಏನೂ ಅರಿಯದ ಆ ಸಂಕೋಚ ಇರದಿದ್ದರೆ ಅವರ ಮೌನಕ್ಕೆ ಅಷ್ಟು ಭಾರ ಎಲ್ಲಿಂದ ಬರುತ್ತಿತ್ತು?

ಅಭಿನಯ ಶಾರದೆ ಎಂದು ಕರೆದ ಚಿತ್ರರಂಗ ಮುಂದಿನ ವರ್ಷಗಳಲ್ಲಿ ಅವರಿಗೆ ಕೊಟ್ಟದ್ದು ಬಹುಪಾಲು ತಾಯಿಯ ಪಾತ್ರ. ನಡುವಯಸ್ಸಿನ ಮಾಧವಿಯೊಬ್ಬಳನ್ನು ಯಾರೂ ಬರೆಯಲಿಲ್ಲ. ಹಾಗಾಗಿ 2021ರ ಜುಲೈ 26ರಂದು ಅವರು ತೀರಿಕೊಂಡ ಸುದ್ದಿ ಬಂದ ರಾತ್ರಿ ನಾನು ಹುಡುಕಿ ನೋಡಿದ್ದು ಮತ್ತೆ ಅದೇ ಗುಡ್ಡ, ಅದೇ ಇಳಿದ ಕಣ್ಣು.